ತಟ್ಟಿ ಹಿಂದೆ ಸರಿಯುವ ಸುತ್ತಿಗೆ

ಧ್ಯಾನಕ್ಕೆ: 2 ಸಮುವೇಲ 12:1-15, ಕೊಲೊಸ್ಸೆಯರಿಗೆ 3:12-21, ಯೊವಾನ್ನ 21:9-19



ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ಮನೆಗಳಲ್ಲಿ ಪಿಯಾನೊ ಕಾಣಸಿಗುವುದು ಬಹಳ ಅಪರೂಪ. ನಮಗೆಲ್ಲ ಗೊತ್ತಿರುವುದು ಪೇಟಿ, ಅಂದರೆ ಹಾರ್ಮೋನಿಯಂ. ಭಜನೆಗೂ ಅದೇ, ನಾಟಕಕ್ಕೂ ಅದೇ, ಭಾನುವಾರದ ಬಲಿಪೂಜೆಯ ಹಾಡಿಗೂ ಅದೇ. ಈ ನೆಲ ಸಂಗೀತಕ್ಕೆ ಬಡವಾದುದಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೂರಾರು ಅಂಧ ಮಕ್ಕಳಿಗೆ ಸ್ವರಜ್ಞಾನ ಕೊಟ್ಟ ಪಂಚಾಕ್ಷರಿ ಗವಾಯಿಗಳು (1892-1944) ಹುಟ್ಟಿದ್ದು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಅವರ ಶಿಷ್ಯರಾಗಿ ಆಶ್ರಮವನ್ನು ಮುಂದುವರಿಸಿದ ಪುಟ್ಟರಾಜ ಗವಾಯಿಗಳು (1914-2010) ಇಂದಿನ ಹಾವೇರಿ ಜಿಲ್ಲೆಯ ದೇವಗಿರಿಯವರು. ಹಾರ್ಮೋನಿಯಂ ಅವರ ಕೈಯಲ್ಲಿ ಮಾತನಾಡುತ್ತಿತ್ತು ಎಂದು ಕೇಳಿದವರು ಇಂದಿಗೂ ಹೇಳುತ್ತಾರೆ.

ಆದರೂ ಈ ವಾರ ಪೇಟಿಯ ದೂರದ ಬಂಧುವಾದ ಪಿಯಾನೊದ ಬಗ್ಗೆ, ಅದರಲ್ಲೂ ಹಳೆಯ ಕಾಲದ ಕುಶಲಕರ್ಮಿಗಳು ಕೈಯಿಂದ ಮಾಡಿದ ಪಿಯಾನೊಗಳ ಬಗ್ಗೆ ನಾಲ್ಕು ಮಾತು ಹೇಳಬೇಕಿದೆ. ಕಾರಣವಿದೆ. ಪಿಯಾನೊ ಬೆಳೆದದ್ದು ಬಹುಮಟ್ಟಿಗೆ ಮನೆಯ ವಾದ್ಯವಾಗಿ. 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿಯಾದ ಸಂತ ಸಿಸಿಲಿಯಮ್ಮನವರ ಹಬ್ಬದ ದಿನ, ಜಗದ್ಗುರು ಹತ್ತನೆಯ ಪಿಯುಸ್‌ರವರು ದೇವಾಲಯದಲ್ಲಿ ಪಿಯಾನೊ ಬಾರಿಸಕೂಡದೆಂದೇ ಆಜ್ಞೆ ಹೊರಡಿಸಿದ್ದರು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಪೈಪ್ ಆರ್ಗನ್ನಿಗೆ ಗೌರವದ ಸ್ಥಾನವನ್ನು ಉಳಿಸಿಕೊಂಡು, ಆರಾಧನೆಗೆ ಯೋಗ್ಯವಾದ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಹೀಗೆ ದೇವಾಲಯದ ಹೊರಗೆ, ಮನೆಯ ನಡುವೆ ಬಹುಕಾಲ ನಿಂತ ವಾದ್ಯವಿದು. ಕುಟುಂಬ ಜೀವನದ ಒಂದು ಪಾಠವನ್ನು ಅದು ತನ್ನ ಹೊಟ್ಟೆಯೊಳಗೆ ಬಚ್ಚಿಟ್ಟುಕೊಂಡಿದೆ.

ಮೆಲ್ಲಗೆ ನುಡಿಯಲು ಕಲಿತ ವಾದ್ಯ

ಪಿಯಾನೊವನ್ನು ಮೊದಲು ಮಾಡಿದವನು ಇಟಲಿಯ ಬಾರ್ತೊಲೊಮೇಯೊ ಕ್ರಿಸ್ತೊಫೊರಿ. ಪಾದುವಾ ನಗರದಲ್ಲಿ 1655ರಲ್ಲಿ ಹುಟ್ಟಿದ ಇವನು ಫ್ಲಾರೆನ್ಸಿನ ರಾಜಕುಮಾರನ ಅರಮನೆಯಲ್ಲಿ ವಾದ್ಯಗಳನ್ನು ನೋಡಿಕೊಳ್ಳುವ ಕೆಲಸಕ್ಕಿದ್ದ. ಆಗ ಅರಮನೆಗಳಲ್ಲಿ ಬಳಕೆಯಲ್ಲಿದ್ದದ್ದು ಹಾರ್ಪ್ಸಿಕಾರ್ಡ್ ಎಂಬ ವಾದ್ಯ. ಅದರ ಪಟ್ಟಿಯನ್ನು ಒತ್ತಿದರೆ ಒಳಗಿರುವ ಹಕ್ಕಿಗರಿಯ ತುದಿ ತಂತಿಯನ್ನು ಮೀಟುತ್ತದೆ. ಬೆರಳು ಮೆತ್ತಗೆ ಒತ್ತಲಿ, ಜೋರಾಗಿ ಒತ್ತಲಿ, ಧ್ವನಿಯಲ್ಲಿ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲ. ನುಡಿಸುವವನ ಮನಸ್ಸು ಅಳುತ್ತಿದ್ದರೂ ವಾದ್ಯಕ್ಕೆ ಅದರ ಪರಿವೆಯಿಲ್ಲ.

ಕ್ರಿಸ್ತೊಫೊರಿಗೆ ಇದು ಸಾಲದಾಯಿತು. ಬೆರಳಿನ ಭಾವ ತಂತಿಗೆ ಮುಟ್ಟುವಂತೆ ಮಾಡುವುದು ಹೇಗೆಂದು ಯೋಚಿಸಿ, ಗರಿಯ ಬದಲು ಪುಟ್ಟ ಸುತ್ತಿಗೆಯನ್ನು ತಂದ. ಮೆತ್ತಗೆ ಒತ್ತಿದರೆ ಮೆತ್ತನೆಯ ನಾದ, ಜೋರಾಗಿ ಒತ್ತಿದರೆ ದೊಡ್ಡ ನಾದ. 1700ರ ಅರಮನೆಯ ಸಾಮಾನು ಪಟ್ಟಿಯಲ್ಲಿ ಈ ಹೊಸ ವಾದ್ಯದ ವಿವರ ಬರುತ್ತದೆ. ಮೆಲ್ಲಗೂ ಜೋರಾಗಿಯೂ ನುಡಿಯುವ ವಾದ್ಯ ಎಂಬರ್ಥದ ಇಟಾಲಿಯನ್ ಮಾತಿನಿಂದಲೇ ಅದಕ್ಕೆ ಪಿಯಾನೊ ಎಂಬ ಹೆಸರು ನಿಂತಿತು. ಆ ಭಾಷೆಯಲ್ಲಿ ಪಿಯಾನೊ ಎಂದರೆ ಮೆಲ್ಲಗೆ ಎಂದೇ ಅರ್ಥ. ಅವನ ಕೈಯ ಪಿಯಾನೊಗಳಲ್ಲಿ ಮೂರು ಮಾತ್ರ ಇಂದು ಉಳಿದಿವೆ. 1720ರದ್ದು ನ್ಯೂಯಾರ್ಕಿನಲ್ಲಿ, 1722ರದ್ದು ರೋಮಿನಲ್ಲಿ, 1726ರದ್ದು ಜರ್ಮನಿಯ ಲೈಪ್ಸಿಗ್‌ನಲ್ಲಿ.

ನಮ್ಮ ಮನೆಗಳಲ್ಲಿ ನಾವು ಯಾವ ವಾದ್ಯವಾಗಿದ್ದೇವೆ? ನೀರು ತಾ ಎನ್ನುವುದಕ್ಕೂ ಅದೇ ಗಂಟಲು, ಮಗ ಪರೀಕ್ಷೆಯಲ್ಲಿ ನಪಾಸಾದದ್ದಕ್ಕೂ ಅದೇ ಗಂಟಲು. ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೂ, ಸಾಲ ಮಾಡಿ ಬಂದದ್ದಕ್ಕೂ ಒಂದೇ ಅಬ್ಬರ. ಎಲ್ಲಕ್ಕೂ ಒಂದೇ ಧ್ವನಿಯಾದರೆ ಕೇಳುವವರ ಕಿವಿ ಕಲ್ಲಾಗುತ್ತದೆ. ಜೋರಾಗಿ ಹೇಳಲೇಬೇಕಾದ ದಿನ ಬಂದಾಗ ನಮ್ಮಲ್ಲಿ ಇನ್ನೂ ಜೋರಾದ ಸ್ವರವೇ ಉಳಿದಿರುವುದಿಲ್ಲ.

ನಮ್ಮ ಬ್ಯಾಡಗಿ ಮೆಣಸಿನಕಾಯಿಯನ್ನು ನೋಡಿರಿ. ದೂರದೂರದ ವ್ಯಾಪಾರಿಗಳು ಅದನ್ನು ಹುಡುಕಿಕೊಂಡು ಬರುವುದು ಅದರ ಕಡುಗೆಂಪು ಬಣ್ಣಕ್ಕಾಗಿ. ಖಾರ ಮಾತ್ರ ಕಡಿಮೆ. ಬಣ್ಣ ತುಂಬ ಕೊಟ್ಟು ನಾಲಿಗೆಯನ್ನು ಸುಡದೆ ಬಿಡುವುದೇ ಅದರ ದೊಡ್ಡ ಗುಣ. ಕ್ರೈಸ್ತ ತಂದೆತಾಯಿಗಳ ಮಾತೂ ಹಾಗಿದ್ದರೆ ಎಷ್ಟು ಚೆನ್ನ! ಮಕ್ಕಳನ್ನು ಕೆರಳಿಸಿ ಅವರ ಎದೆಗುಂದಿಸಬೇಡಿರೆಂದು ಸಂತ ಪೌಲರು ಕೊಲೊಸ್ಸೆಯ ಸಭೆಯ ತಂದೆಯರಿಗೆ ಬರೆದದ್ದು ಇದೇ ಅರ್ಥದಲ್ಲಿ.

ಒಳಗಿನ ಗುಟ್ಟು

ಹಳೆಯ ಪಿಯಾನೊಗಳ ಹೊರಗಿನ ಕೆಲಸ ನೋಡಿ ಬೆರಗಾಗುವವರು ಬಹಳ. ಮೇಜಿನಂತೆ ಕಾಣುವ ಚೌಕ ಪಿಯಾನೊ, ಜಿರಾಫೆಯ ಕತ್ತಿನಂತೆ ಒಂದು ಬದಿ ಎತ್ತರಕ್ಕೆ ಬಾಗಿ ನಿಂತ ಪಿಯಾನೊ, ಹೊಲಿಗೆ ಪೆಟ್ಟಿಗೆಯೊಳಗೆ ಅಡಗಿಸಿದ ಅಂಗೈಯಗಲದ ಪಿಯಾನೊ, ಹೀಗೆ ಬಗೆಬಗೆಯವು ತಯಾರಾಗಿವೆ. ಆನೆದಂತ, ಕರಿಮರ, ಕೆತ್ತನೆ, ಮೆರುಗು ಎಲ್ಲವೂ ಉಂಟು. ಆದರೆ ಬಲ್ಲವರು ಮುಚ್ಚಳ ತೆಗೆದು ಒಳಗೆ ನೋಡುತ್ತಾರೆ. ದೊಡ್ಡ ಪಿಯಾನೊದಲ್ಲಿ 88 ಪಟ್ಟಿಗಳು, ಸುಮಾರು 230 ತಂತಿಗಳು. ಆ ತಂತಿಗಳೆಲ್ಲ ಸೇರಿ ಎಳೆಯುವ ಬಲ 18ರಿಂದ 20 ಟನ್ನಿನಷ್ಟು. ತುಂಬಿದ ಎರಡು ಲಾರಿಗಳ ಭಾರವನ್ನು ತಡೆದುಕೊಂಡು ಆ ಪೆಟ್ಟಿಗೆ ಸುಮ್ಮನೆ ಮನೆಯ ಮೂಲೆಯಲ್ಲಿ ನಿಂತಿರುತ್ತದೆ. ಅನೇಕ ಮನೆಗಳಲ್ಲಿ ತಾಯಂದಿರು ನಿಂತಿರುವಂತೆ!

ಕ್ರಿಸ್ತೊಫೊರಿಯ ನಿಜವಾದ ಜಾಣ್ಮೆ ಇರುವುದು ಇನ್ನೂ ಒಳಗೆ. ಸುತ್ತಿಗೆಯಿಂದ ತಂತಿಗೆ ಹೊಡೆಯುವ ಯೋಚನೆ ಸುಲಭ. ಕಷ್ಟವಿದ್ದದ್ದು ಹೊಡೆದ ಮೇಲೆ. ಬೆರಳು ಪಟ್ಟಿಯನ್ನು ಒತ್ತಿಕೊಂಡೇ ಇದ್ದಾಗ ಸುತ್ತಿಗೆಯೂ ತಂತಿಗೆ ಒತ್ತಿಕೊಂಡೇ ಇದ್ದರೆ ಏನಾಗುತ್ತದೆ? ಟಪ್ ಎಂಬ ಸದ್ದು ಬಂದು ನಾದ ಅಲ್ಲಿಯೇ ಸಾಯುತ್ತದೆ. ಬಾರಿಸಿದ ಗಂಟೆಯನ್ನು ಕೈಯಲ್ಲಿ ಹಿಡಿದುಕೊಂಡ ಹಾಗೆ. ತಂತಿ ಕಂಪಿಸಬೇಕಾದರೆ ಅದಕ್ಕೆ ಬಿಡುವು ಬೇಕು.

ಅದಕ್ಕಾಗಿ ಅವನು ಮಾಡಿದ್ದಿಷ್ಟು. ಪಟ್ಟಿಯನ್ನು ಒತ್ತಿದಾಗ ಒಂದು ಸಣ್ಣ ಕಡ್ಡಿ ಸುತ್ತಿಗೆಯನ್ನು ಮೇಲಕ್ಕೆ ತಳ್ಳುತ್ತದೆ. ಸುತ್ತಿಗೆ ತಂತಿಗೆ ತಾಗುವುದಕ್ಕೆ ಕೂದಲೆಳೆಯಷ್ಟು ಮುಂಚೆ ಆ ಕಡ್ಡಿ ಪಕ್ಕಕ್ಕೆ ಜಾರಿಕೊಳ್ಳುತ್ತದೆ. ಉಳಿದಷ್ಟು ದಾರಿಯನ್ನು ಸುತ್ತಿಗೆ ತನ್ನಷ್ಟಕ್ಕೆ ಹಾರಿ, ತಂತಿಗೆ ತಟ್ಟಿ, ಕೂಡಲೇ ಹಿಂದಕ್ಕೆ ಬೀಳುತ್ತದೆ. ಬೆರಳು ಇನ್ನೂ ಒತ್ತಿಕೊಂಡಿದ್ದರೂ ಸುತ್ತಿಗೆ ಮಾತ್ರ ಮರಳಿ ಬಂದಿರುತ್ತದೆ. ನಾದವೋ ಉಳಿಯುತ್ತದೆ, ಹರಡುತ್ತದೆ, ಕೋಣೆಯನ್ನು ತುಂಬುತ್ತದೆ. ಮುನ್ನೂರು ವರ್ಷಗಳಲ್ಲಿ ಪಿಯಾನೊ ಎಷ್ಟೋ ಬದಲಾಗಿದೆ. ತಟ್ಟಿ ಹಿಂದೆ ಸರಿಯುವ ಈ ಗುಟ್ಟು ಮಾತ್ರ ಬದಲಾಗಿಲ್ಲ.

ಪ್ರಿಯ ಸಹೋದರ ಸಹೋದರಿಯರೇ, ನಮ್ಮ ಮನೆಗಳಲ್ಲಿ ಇಲ್ಲದಿರುವುದು ಇದೇ. ತಪ್ಪು ಹೇಳುವುದು ನಮಗೆ ಗೊತ್ತು. ಹೇಳಿ ಬಿಡುವುದು ಗೊತ್ತಿಲ್ಲ. ಮಗಳು ಹತ್ತನೆಯ ತರಗತಿಯಲ್ಲಿ ಮಾಡಿದ ತಪ್ಪನ್ನು ಅವಳ ಮದುವೆಯ ಮಾತುಕತೆಯ ದಿನವೂ ಎತ್ತುತ್ತೇವೆ. ಗಂಡ ಒಮ್ಮೆ ಕುಡಿದು ಬಂದದ್ದನ್ನು, ಅವನು ಬಿಟ್ಟು ಹತ್ತು ವರ್ಷವಾದ ಮೇಲೂ ನೆಂಟರ ಮುಂದೆ ಹೇಳುತ್ತೇವೆ. ಸೊಸೆ ಮನೆಗೆ ಬಂದ ಹೊಸತರಲ್ಲಿ ಆಡಿದ ಒಂದು ಮಾತು ಅತ್ತೆಯ ಬಾಯಲ್ಲಿ ಇನ್ನೂ ಹಸಿಯಾಗಿದೆ. ಮೊದಲ ಸಲ ಹೇಳಿದಾಗ ಅದು ಬುದ್ಧಿಮಾತಾಗಿತ್ತು. ನೂರನೆಯ ಸಲಕ್ಕೆ ಅದು ಎದೆಯ ಮೇಲೆ ಇಟ್ಟ ಕಲ್ಲು. ಕಲ್ಲಿನ ಕೆಳಗೆ ಯಾವ ತಂತಿ ನುಡಿದೀತು?

ನಾತಾನ ಮನೆಗೆ ಹೋದ

ಪವಿತ್ರ ಗ್ರಂಥದಲ್ಲಿ ತಪ್ಪು ತಿದ್ದಿದವರ ಕಥೆಗಳು ಅನೇಕ. ದಾವೀದನು ಊರೀಯನ ಹೆಂಡತಿಯನ್ನು ತೆಗೆದುಕೊಂಡು ಊರೀಯನನ್ನು ಕೊಲ್ಲಿಸಿದಾಗ ದೇವರು ಪ್ರವಾದಿ ನಾತಾನನನ್ನು ಅವನ ಬಳಿಗೆ ಕಳಿಸಿದರು. ನಾತಾನ ಅರಮನೆಯ ಬಾಗಿಲಲ್ಲಿ ನಿಂತು ಕೂಗಾಡಲಿಲ್ಲ. ಬಡವನೊಬ್ಬನ ಹೆಣ್ಣುಕುರಿಮರಿಯ ಕಥೆಯಿಂದ ಮೆಲ್ಲಗೆ ಆರಂಭಿಸಿದ. ಕಥೆ ಕೇಳಿ ರಾಜ ಕೆರಳಿದಾಗ ಆ ಮನುಷ್ಯ ನೀನೇ ಎಂದು ನೇರವಾಗಿ ತಟ್ಟಿದ. ತಪ್ಪಿನ ಫಲವನ್ನೂ ಮರೆಮಾಚದೆ ಹೇಳಿದ. ದಾವೀದ ತಪ್ಪೊಪ್ಪಿಕೊಂಡಾಗ ದೇವರು ಪಾಪವನ್ನು ಕ್ಷಮಿಸಿದ್ದಾರೆಂದೂ ಹೇಳಿದ. ಆಮೇಲೆ? ನಾತಾನ ತನ್ನ ಮನೆಗೆ ಹೋದನೆಂದು ಶಾಸ್ತ್ರ ಹೇಳುತ್ತದೆ. ಅಷ್ಟೇ. ಓದುವಾಗ ನಾವು ದಾಟಿ ಹೋಗುವ ಸಣ್ಣ ವಾಕ್ಯವದು. ಅವನು ಅರಮನೆಯಲ್ಲಿ ಕುಳಿತು ದಿನವೂ ನೆನಪಿಸುತ್ತಿರಲಿಲ್ಲ. ಸುತ್ತಿಗೆ ಹಿಂದೆ ಸರಿಯಿತು. ದಾವೀದನ ಎದೆಯಲ್ಲಿ ಪಶ್ಚಾತ್ತಾಪದ ನಾದ ಏಳಲು ಜಾಗವಾಯಿತು.

ನಮ್ಮ ಸ್ವಾಮಿ ಯೇಸುವಿನ ರೀತಿ ಇನ್ನೂ ಮಧುರವಾದುದು. ಪೇತ್ರನು ಇದ್ದಲಿನ ಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತ ಮೂರು ಸಲ ತನ್ನ ಗುರುವನ್ನು ಅರಿಯೆನೆಂದ. ಪುನರುತ್ಥಾನವಾದ ಮೇಲೆ ತಿಬೇರಿಯ ಸರೋವರದ ದಡದಲ್ಲಿ ಸ್ವಾಮಿ ಮತ್ತೆ ಇದ್ದಲಿನ ಬೆಂಕಿ ಹೊತ್ತಿಸಿ, ಮೀನು ಸುಟ್ಟು, ರೊಟ್ಟಿ ಕೊಟ್ಟು, ಮೊದಲು ಹೊಟ್ಟೆ ತುಂಬಿಸಿದರು. ಊಟವಾದ ಮೇಲೆಯೇ ಮಾತು. ಆ ರಾತ್ರಿ ಹೀಗೇಕೆ ಮಾಡಿದೆ ಎಂದು ಕೇಳಲಿಲ್ಲ. ನನ್ನ ಮೇಲೆ ಪ್ರೀತಿಯಿದೆಯೇ ಎಂದು ಮೂರು ಸಲ ಕೇಳಿದರು. ಮೂರನೆಯ ಸಲ ಪೇತ್ರನಿಗೆ ನೋವಾಯಿತು. ಹೌದು, ಸುತ್ತಿಗೆ ತಂತಿಗೆ ತಾಗಿತ್ತು. ಆದರೆ ಒಡನೆಯೇ ತಮ್ಮ ಕುರಿಗಳನ್ನು ಅವನ ಕೈಗೆ ಒಪ್ಪಿಸಿದರು. ನಂಬಿಕೆ ಕಳೆದುಕೊಂಡವನಿಗೆ ಕೆಲಸ ಒಪ್ಪಿಸುವುದಕ್ಕಿಂತ ದೊಡ್ಡ ಕ್ಷಮೆ ಯಾವುದಿದೆ?

ತಟ್ಟಿಸಿಕೊಂಡವರಿಗೂ ಒಂದು ಮಾತು. ಕ್ರಿಸ್ತೊಫೊರಿಯ ಕಲೆ ಜರ್ಮನಿಗೆ ಹೋದಾಗ ಗಾಟ್‌ಫ್ರೀಡ್ ಸಿಲ್ಬರ್‌ಮನ್ ಎಂಬ ಹೆಸರಾಂತ ಆರ್ಗನ್ ಶಿಲ್ಪಿ ಪಿಯಾನೊ ಮಾಡಿ, ಮಹಾ ಸಂಗೀತಗಾರ ಯೊಹಾನ್ ಸೆಬಾಸ್ಟಿಯನ್ ಬಾಖ್ ಅವರಿಗೆ ತೋರಿಸಿದ. ಬಾಖ್ ನಾದವನ್ನು ಮೆಚ್ಚಿದರೂ, ಮೇಲಿನ ಸ್ವರಗಳು ಸೊರಗಿವೆ, ಪಟ್ಟಿಗಳು ನುಡಿಸಲು ಬಿಗಿಯಾಗಿವೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದರು. ಸಿಲ್ಬರ್‌ಮನ್‌ಗೆ ಬಹಳ ಸಿಟ್ಟು ಬಂತು. ಆ ಸಿಟ್ಟು ಬಹುಕಾಲ ಇತ್ತಂತೆ. ಆದರೂ ಹೇಳಿದ ಮಾತು ನಿಜವೆಂದು ಒಳಗೊಳಗೇ ಬಲ್ಲ ಆತ ವರ್ಷಗಟ್ಟಲೆ ಕೆಲಸಕ್ಕೆ ಕುಳಿತು ಅದನ್ನು ತಿದ್ದಿದ. ಕೊನೆಗೆ ಅದೇ ಬಾಖ್ ಅದಕ್ಕೆ ಪೂರ್ಣ ಒಪ್ಪಿಗೆ ಕೊಟ್ಟರು. 1749ರಲ್ಲಿ ಸಿಲ್ಬರ್‌ಮನ್‌ನ ಪಿಯಾನೊ ಒಂದನ್ನು ಮಾರಲು ಅವರೇ ಮಧ್ಯಸ್ಥರಾದ ರಸೀದಿಯೂ ಇದೆ. ಬೈದವರು ಕೊನೆವರೆಗೆ ಬೈಯುತ್ತಲೇ ಇರಲಿಲ್ಲ. ಬೈಸಿಕೊಂಡವರು ಸಿಟ್ಟನ್ನೇ ಗಂಟುಕಟ್ಟಿ ಇಟ್ಟುಕೊಳ್ಳಲಿಲ್ಲ. ಆ ಇಬ್ಬರ ನಡುವೆ ಪಿಯಾನೊ ಉಳಿದು ಬೆಳೆಯಿತು.

ಹಿಡಿಕೆ ತಿರುವಿದರೆ ಅದೇ ಕೂಗು

ನಮ್ಮ ಕನ್ನಡ ನಾಡಿನಲ್ಲೂ ಪಟ್ಟಿಗಳುಳ್ಳ ಒಂದು ವಿಚಿತ್ರ ವಾದ್ಯವಿತ್ತು. ಅದೇ ಟಿಪ್ಪುವಿನ ಹುಲಿ. ಮರದ ಹುಲಿಯೊಂದು ಬಿಳಿಯ ಸಿಪಾಯಿಯ ಮೇಲೆ ಎರಗಿದೆ. ಪಕ್ಕದ ಹಿಡಿಕೆಯನ್ನು ತಿರುವಿದರೆ ಸಿಪಾಯಿಯ ಕೈ ಮೇಲೇಳುತ್ತದೆ, ಅವನು ನರಳುತ್ತಾನೆ, ಹುಲಿ ಗುರುಗುಟ್ಟುತ್ತದೆ. ಹುಲಿಯ ಮೈಯೊಳಗೆ 18 ಪಟ್ಟಿಗಳ ಪುಟ್ಟ ಆರ್ಗನ್ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರು ಅದನ್ನು ಹೊತ್ತೊಯ್ದರು. ಈಗ ಅದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಅದನ್ನು ಇಟ್ಟಿದ್ದಾಗ ನೋಡಲು ಬಂದವರೆಲ್ಲ ಹಿಡಿಕೆ ತಿರುವಿ ತಿರುವಿ, ಅಲ್ಲಿ ಓದಲು ಕುಳಿತವರಿಗೆ ಆ ಕೂಗು ಕೇಳಿ ಸಾಕುಸಾಕಾಗುತ್ತಿತ್ತಂತೆ.

ಆ ಯುದ್ಧದ ನ್ಯಾಯ ಅನ್ಯಾಯದ ಮಾತು ಬೇರೆ. ಹುಲಿಯನ್ನು ಮಾಡಿದ ಕುಶಲಕರ್ಮಿಗಳ ಕೈಗುಣಕ್ಕೆ ಯಾರಾದರೂ ತಲೆದೂಗಬೇಕು. ಆದರೆ ಒಂದು ವಿಷಯ ಮನಸ್ಸಿಗೆ ಬರುತ್ತದೆ. ಟಿಪ್ಪು ಹೋದ, ಅವನೊಡನೆ ಕಾದಿದವರೂ ಹೋದರು, ಕಂಪನಿಯೂ ಹೋಯಿತು. ಆ ಹಿಡಿಕೆ ತಿರುವಿದರೆ ಮಾತ್ರ ಬರುವುದು ಅದೇ ನರಳಾಟ, ಅದೇ ಗುರುಗುಟ್ಟುವಿಕೆ. ಹಗೆಗೆ ಹೊಸ ರಾಗ ಬರುವುದಿಲ್ಲ.

ಎಷ್ಟು ಮನೆಗಳಲ್ಲಿ ಇಂಥ ಹುಲಿಗಳಿವೆ! ಒಂದು ವರ್ಷದ ಮೆಣಸಿನಕಾಯಿ ಲೆಕ್ಕದಲ್ಲಿ ಬಂದ ವ್ಯತ್ಯಾಸ, ಹೊಲದ ಬದುವಿನಲ್ಲಿ ಒಂದು ಮಾರಿನ ಜಗಳ, ಅವ್ವನ ಬಂಗಾರ ಯಾರಿಗೆ ಎಂಬ ಮಾತು. ಅಣ್ಣತಮ್ಮಂದಿರು ಕೋರ್ಟಿಗೆ ಅಲೆದು ಅಲೆದು ಹೊಲದ ಬೆಲೆಗಿಂತ ಹೆಚ್ಚು ಕಳೆದುಕೊಳ್ಳುತ್ತಾರೆ. ಭಾನುವಾರ ಅದೇ ಇಬ್ಬರು ದೇವಾಲಯದ ಎರಡು ಬದಿಗೆ ಕುಳಿತು, ಒಂದೇ ಪೀಠದಿಂದ ಪರಮಪ್ರಸಾದ ಸ್ವೀಕರಿಸಿ, ಹೊರಗೆ ಬಂದು ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಹಬ್ಬ ಬಂದಿತೆಂದರೆ ಯಾರಾದರೊಬ್ಬರು ಹಿಡಿಕೆ ತಿರುವುತ್ತಾರೆ. ಇಪ್ಪತ್ತು ವರ್ಷದ ಹಿಂದಿನ ಅದೇ ಮಾತು, ಅದೇ ಕಣ್ಣೀರು. ಮಕ್ಕಳು ನಿಂತು ನೋಡುತ್ತಾರೆ. ನಾಳೆ ಹಿಡಿಕೆ ಅವರ ಕೈಗೆ ಹೋಗುತ್ತದೆ. ಸಿಟ್ಟಿನ ಮೇಲೆ ಸೂರ್ಯ ಮುಳುಗದಿರಲಿ ಎಂದು ಸಂತ ಪೌಲರು ಎಫೆಸದವರಿಗೆ ಬುದ್ಧಿ ಹೇಳಿದರು. ನಮ್ಮ ಎಷ್ಟೋ ಸಿಟ್ಟುಗಳ ಮೇಲೆ ಸಾವಿರಾರು ಸೂರ್ಯರು ಮುಳುಗಿದ್ದಾರೆ.

ಖಾಲಿ ಪೆಟ್ಟಿಗೆ

ಹಾಗಾದರೆ ಸುಮ್ಮನಿದ್ದುಬಿಡುವುದೇ ಒಳ್ಳೆಯದೇ? ಅದೂ ಅಲ್ಲ. 1760ರ ದಶಕದಲ್ಲಿ ಯೊಹಾನೆಸ್ ಜುಂಪೆ ಎಂಬ ಜರ್ಮನ್ ಬಡಗಿ ಲಂಡನ್ನಿನಲ್ಲಿ ಚೌಕ ಪಿಯಾನೊಗಳನ್ನು ಮಾಡತೊಡಗಿದ. ಚಿಕ್ಕದು, ಬೆಲೆಯೂ ಕಡಿಮೆ. ಮಧ್ಯಮ ವರ್ಗದ ಮನೆಗಳಿಗೂ ಪಿಯಾನೊ ಬಂದದ್ದು ಹೀಗೆ. ಕಾಲ ಕಳೆದು ಅವು ಹಳತಾದಾಗ ಎಷ್ಟೋ ಮಂದಿ ಒಳಗಿನ ತಂತಿ, ಸುತ್ತಿಗೆಗಳನ್ನೆಲ್ಲ ಕಿತ್ತುಹಾಕಿ, ಹೊರಗಿನ ಮರದ ಕೆಲಸ ಚೆನ್ನಾಗಿದೆಯೆಂದು ಬರೆಯುವ ಮೇಜು ಮಾಡಿಕೊಂಡರು. ನೋಡಲು ಸುಂದರ. ತಟ್ಟಿದರೆ ಮರದ ಸದ್ದು ಮಾತ್ರ.

ಜಗಳವಿಲ್ಲದ ಮನೆಗಳಲ್ಲಿ ಕೆಲವು ಹೀಗಿವೆ. ಹೊಸ ಮನೆ, ಹೊಳೆಯುವ ನೆಲ, ಗೋಡೆಯಲ್ಲಿ ಯೇಸುವಿನ ಪವಿತ್ರ ಹೃದಯದ ಚಿತ್ರ. ಒಳಗೆ ಒಬ್ಬರ ತಪ್ಪನ್ನು ಒಬ್ಬರು ಹೇಳುವುದಿಲ್ಲ, ಏಕೆಂದರೆ ಒಬ್ಬರ ಗೊಡವೆ ಒಬ್ಬರಿಗೆ ಬೇಡವಾಗಿದೆ. ಅಪ್ಪ ಕುಡಿಯುತ್ತಾನೆ, ಯಾರೂ ಮಾತಾಡುವುದಿಲ್ಲ. ಮಗ ತಪ್ಪು ದಾರಿ ಹಿಡಿದಿದ್ದಾನೆ, ಊರಿಗೆ ತಿಳಿಯದಿದ್ದರೆ ಸಾಕು. ಹೆಂಡತಿಗೆ ಪೆಟ್ಟು ಬೀಳುತ್ತದೆ, ಮರ್ಯಾದೆಗಾಗಿ ಎಲ್ಲರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಇದನ್ನು ಶಾಂತಿಯೆಂದು ಕರೆಯಬಾರದು. ಹಿಂದೆ ಸರಿಯಬೇಕಾದ ಸುತ್ತಿಗೆ ಮೊದಲು ತಟ್ಟಿರಲೇಬೇಕು. ಮನೆಯಲ್ಲಿ ಹೊಡೆತ ನಡೆಯುತ್ತಿದ್ದರೆ ಅದನ್ನು ಸಹಿಸಿಕೊಂಡಿರುವುದು ಕ್ಷಮೆಯಲ್ಲ. ಹಿರಿಯರಿಗೆ, ಗುರುಗಳಿಗೆ, ಅಗತ್ಯವಾದರೆ ಕಾನೂನಿಗೆ ಹೇಳಿ ಅದನ್ನು ನಿಲ್ಲಿಸಬೇಕು. ಸಹೋದರ ತಪ್ಪು ಮಾಡಿದರೆ ಹೋಗಿ ಅವನೊಬ್ಬನೇ ಇರುವಾಗ ತಿಳಿಸಿ ಹೇಳಬೇಕೆಂದು, ಕೇಳದಿದ್ದರೆ ಮತ್ತೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕೆಂದು ಸ್ವಾಮಿ ಮತ್ತಾಯನ ಶುಭಸಂದೇಶದಲ್ಲಿ ಕ್ರಮವಾಗಿ ಕಲಿಸಿದ್ದಾರೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ ಹಿರಿಯರು. ಆಡುವ ಮುಂಚೆ ಎಚ್ಚರವಿರಲಿ ಎಂಬುದು ಅದರ ಒಂದು ಅರ್ಥ. ಇನ್ನೊಂದು ಅರ್ಥವನ್ನೂ ಕಾಣಬಹುದು. ಆಡಿದ ಮೇಲೆ ಮಾತು ನಮ್ಮ ಕೈಯಲ್ಲಿಲ್ಲ. ಮುಂದಿನ ಕೆಲಸ ಪವಿತ್ರಾತ್ಮರದು. ಬಿತ್ತಿದ ಬೀಜವನ್ನು ದಿನಾ ಕೆದಕಿ ನೋಡುವ ರೈತನಿಲ್ಲ. ಹೇಳಿ ಬಿಡುವುದೆಂದರೆ ತಪ್ಪು ಸಣ್ಣದೆಂದು ಒಪ್ಪಿಕೊಂಡ ಹಾಗಲ್ಲ. ತಿದ್ದುವ ದೇವರು ನಮಗಿಂತ ದೊಡ್ಡವರೆಂದು ನಂಬಿದ ಹಾಗೆ. ಪಾಪನಿವೇದನೆಯಲ್ಲಿ ನಮಗೆ ಸಿಗುವುದೂ ಇದೇ ಅಲ್ಲವೇ? ಕ್ಷಮಿಸಿದ ಪಾಪವನ್ನು ದೇವರು ಮುಂದಿನ ಸಲ ಮತ್ತೆ ಎತ್ತಿ ಆಡುವುದಿಲ್ಲ. ನಾವು ಪಡೆದದ್ದನ್ನು ಮನೆಯವರಿಗೂ ಕೊಡೋಣ.

ಈ ವಾರ ಮೂರು ಸಣ್ಣ ಕೆಲಸ ಮಾಡೋಣ. ಒಂದು, ಮನೆಯಲ್ಲಿ ಯಾರಿಗಾದರೂ ತಪ್ಪು ಹೇಳಬೇಕಾದರೆ ಊಟವಾದ ಮೇಲೆ, ಇಬ್ಬರೇ ಇದ್ದಾಗ, ಮೆಲ್ಲಗೆ, ಒಂದೇ ಸಲ ಹೇಳೋಣ. ಎರಡು, ನಾವು ಪದೇಪದೇ ತಿರುವುವ ಹಳೆಯ ಹಿಡಿಕೆ ಯಾವುದೆಂದು ರಾತ್ರಿಯ ಜಪಸರದ ಹೊತ್ತಿನಲ್ಲಿ ನೆನೆದು, ಇನ್ನು ಅದನ್ನು ಮುಟ್ಟುವುದಿಲ್ಲವೆಂದು ನಿಶ್ಚಯಿಸೋಣ. ಮೂರು, ಬಹುಕಾಲದಿಂದ ಮಾತು ಬಿಟ್ಟವರ ಮನೆಯ ಬಾಗಿಲಿಗೆ ನಾವೇ ಮೊದಲು ಹೋಗೋಣ. ಲೆಕ್ಕ ಕೇಳಲು ಬೇಡ; ಹೇಗಿದ್ದೀರಿ ಎಂದು ಕೇಳಲು.

ಪ್ರಾರ್ಥಿಸೋಣ: ಸ್ವಾಮಿ ಯೇಸುವೇ, ಬಡಗಿಯ ಮನೆಯಲ್ಲಿ ಬೆಳೆದು ಸುತ್ತಿಗೆ ಹಿಡಿದ ಕೈ ನಿಮ್ಮದು. ನಮ್ಮ ನಾಲಿಗೆಯನ್ನು ನಿಮ್ಮ ಕೈಯಲ್ಲಿ ತೆಗೆದುಕೊಳ್ಳಿರಿ. ಹೇಳಬೇಕಾದುದನ್ನು ಹೇಳುವ ಧೈರ್ಯವನ್ನೂ, ಮೆಲ್ಲಗೆ ಹೇಳುವ ಪ್ರೀತಿಯನ್ನೂ, ಹೇಳಿ ಹಿಂದೆ ಸರಿಯುವ ದೀನತೆಯನ್ನೂ ಕೊಡಿರಿ. ನಮ್ಮ ಮನೆಗಳಲ್ಲಿ ಮುರಿದ ಮಾತುಗಳು ಮತ್ತೆ ಕೂಡಲಿ. ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ನಮಗಾಗಿ ಬೇಡಲಿ. ಆಮೆನ್.